ಮಾತ್ರೆಯ ಸಂಕಟ ಬಚ್ಚಿಡಬೇಡಿ, ಮಾತ್ರೆ ಬಿಡಲೂಬೇಡಿ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1993ರಿಂದ ಧರ್ಮಸಭೆಯು ಇದೇ ದಿನವನ್ನು ವಿಶ್ವ ರೋಗಿಗಳ ದಿನವೆಂದೂ ಆಚರಿಸುತ್ತಾ ಬಂದಿದೆ. ಅಂದು ನಾವು ಪೂಜೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ, ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ ಕೊಂಡೊಯ್ಯುತ್ತೇವೆ. ಲೂರ್ದಿನ ಗವಿಯಲ್ಲಿ ಮಾತೆಯ ದರ್ಶನ ಪಡೆದ ಸಂತ ಬರ್ನದೆತ್ ಅವರು ಕ್ಷಯರೋಗದಿಂದ ನರಳಿ 1879ರಲ್ಲಿ, ತಮ್ಮ 35ನೇ ವಯಸ್ಸಿನಲ್ಲಿ ತೀರಿಕೊಂಡರು. ನಾವು ಚಿಕ್ಕ ಪುಷ್ಪವೆಂದು ಪ್ರೀತಿಯಿಂದ ಕರೆಯುವ ಲಿಸ್ಯೂವಿನ ಸಂತ ತೆರೇಸಾ ಅವರನ್ನೂ 1897ರಲ್ಲಿ, ಇನ್ನೂ 24 ವರ್ಷವಿರುವಾಗ, ಇದೇ ಕ್ಷಯ ಬಲಿ ತೆಗೆದುಕೊಂಡಿತು. ಅವರ ಕಾಲದಲ್ಲಿ ಈ ಕಾಯಿಲೆಗೆ ಮದ್ದೇ ಇರಲಿಲ್ಲ.

ಇಂದು ಮದ್ದಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿಯೇ ಸಿಗುತ್ತದೆ. ಸಾಮಾನ್ಯ ಕ್ಷಯವಾದರೆ ಆರು ತಿಂಗಳು ಸರಿಯಾಗಿ ನುಂಗಿದರೆ ಸಾಕು, ಬಹುಪಾಲು ಮಂದಿ ಪೂರ್ತಿ ಗುಣವಾಗುತ್ತಾರೆ. ಆದರೂ ನಡುದಾರಿಯಲ್ಲಿ ಮಾತ್ರೆ ಬಿಡುವವರಿದ್ದಾರೆ. ಬಿಟ್ಟವರನ್ನು ನಾವು ಸೋಮಾರಿಗಳೆಂದೋ ಅಸಡ್ಡೆಯವರೆಂದೋ ಸುಲಭವಾಗಿ ಜರೆದುಬಿಡುತ್ತೇವೆ. ಆ ಮಾತ್ರೆಗಳು ಅವರ ಹೊಟ್ಟೆಗೆ, ನರಗಳಿಗೆ, ನಿದ್ದೆಗೆ, ದುಡಿಮೆಗೆ ಏನು ಮಾಡಿದವು ಎಂದು ಕೇಳುವವರು ಕಡಿಮೆ. ಈ ಲೇಖನ ಆ ಪ್ರಶ್ನೆಯನ್ನು ಕುರಿತದ್ದು.

ಅಡ್ಡ ಪರಿಣಾಮ ಎಂದರೇನು?

ಔಷಧಿಯನ್ನು ನಾವು ಒಂದು ಕೆಲಸಕ್ಕೆಂದು ನುಂಗುತ್ತೇವೆ. ಆದರೆ ನುಂಗಿದ ಮೇಲೆ ಅದು ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತದೆ. ಶ್ವಾಸಕೋಶದಲ್ಲಿ ಅಡಗಿರುವ ರೋಗಾಣುವನ್ನು ಹುಡುಕಿ ಹೊರಟ ಮದ್ದು ದಾರಿಯಲ್ಲಿ ಜಠರವನ್ನೂ ಯಕೃತ್ತನ್ನೂ ನರಗಳನ್ನೂ ಮುಟ್ಟಿಯೇ ಹೋಗುತ್ತದೆ. ಹಾಗೆ ಮುಟ್ಟಿದಾಗ ಆಗುವ, ನಾವು ಬಯಸದ ಬದಲಾವಣೆಯೇ ಅಡ್ಡ ಪರಿಣಾಮ. ಜನರ ಬಾಯಲ್ಲಿ ಇದು ‘ಸೈಡ್ ಎಫೆಕ್ಟ್’.

ಒಂದೇ ಮಾತ್ರೆ ಒಬ್ಬರಿಗೆ ಒಗ್ಗುತ್ತದೆ, ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಇದರಲ್ಲಿ ಬೂಟಾಟಿಕೆ ಏನೂ ಇಲ್ಲ. ನಾವೆಲ್ಲ ಲಿವರ್ ಎನ್ನುವ ಯಕೃತ್ತು ಮದ್ದನ್ನು ಕರಗಿಸಿ ಹೊರಹಾಕುವ ಅಂಗ. ಕೆಲವರ ದೇಹ ಈ ಕೆಲಸವನ್ನು ಬೇಗ ಮುಗಿಸುತ್ತದೆ, ಕೆಲವರದು ನಿಧಾನ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಎಂಬ ಮದ್ದಿನಲ್ಲಿ ಈ ವ್ಯತ್ಯಾಸ ಹುಟ್ಟಿನಿಂದಲೇ ಬಂದಿರುತ್ತದೆ. ನಿಧಾನವಾಗಿ ಕರಗಿಸುವವರ ಮೈಯಲ್ಲಿ ಮದ್ದು ಹೆಚ್ಚು ಹೊತ್ತು ಉಳಿಯುವುದರಿಂದ ತೊಂದರೆಯೂ ಹೆಚ್ಚು. ಇದರ ಜೊತೆಗೆ ವಯಸ್ಸು, ತೂಕ, ಸಕ್ಕರೆ ಕಾಯಿಲೆ, ಕುಡಿತ, ಪೌಷ್ಟಿಕ ಆಹಾರದ ಕೊರತೆ, ಜೊತೆಗೆ ನುಂಗುವ ಬೇರೆ ಮಾತ್ರೆಗಳು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ‘ಪಕ್ಕದ ಮನೆಯವರಿಗೆ ಏನೂ ಆಗಲಿಲ್ಲ, ನಿನಗೇನು?’ ಎಂದು ಕೇಳುವುದು ನ್ಯಾಯವಲ್ಲ.

ಆರು ತಿಂಗಳ ದಾರಿ

ಸಾಮಾನ್ಯ ಕ್ಷಯಕ್ಕೆ ನಮ್ಮ ದೇಶದಲ್ಲಿ ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳನ್ನೂ ಮುಂದಿನ ನಾಲ್ಕು ತಿಂಗಳು ಮೂರು ಔಷಧಿಗಳನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಡುತ್ತಾರೆ. ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ ನಿಂತಿದೆ. 35ರಿಂದ 49 ಕೆ.ಜಿ. ತೂಗುವ ವಯಸ್ಕರಿಗೆ ದಿನಕ್ಕೆ 3, 50ರಿಂದ 64 ಕೆ.ಜಿ. ತೂಗುವವರಿಗೆ 4. ಹಿಂದೆ ವಾರಕ್ಕೆ ಮೂರು ದಿನ ನುಂಗಿಸುವ ಪದ್ಧತಿಯಿತ್ತು. 2017ರಿಂದ ದೇಶದಾದ್ಯಂತ ಪ್ರತಿದಿನ ನುಂಗುವ ಪದ್ಧತಿ ಬಂತು. ಈ ನಾಲ್ಕು ಮದ್ದುಗಳ ಗುಣ ತಿಳಿದಿದ್ದರೆ ಅರ್ಧ ಭಯ ಕಳೆಯುತ್ತದೆ.

ರಿಫಾಂಪಿಸಿನ್ ಎಂಬುದು ಮೂತ್ರ, ಬೆವರು, ಕಣ್ಣೀರು ಎಲ್ಲಕ್ಕೂ ಕಿತ್ತಳೆ ಕೆಂಪು ಬಣ್ಣ ಬರಿಸುತ್ತದೆ. ನೋಡಿದವರಿಗೆ ರಕ್ತವೇ ಹೋಗುತ್ತಿದೆ ಎನಿಸಿ ಗಾಬರಿಯಾಗುತ್ತದೆ. ಆದರೆ ಅದು ಮದ್ದಿನ ಬಣ್ಣ ಮಾತ್ರ, ಅದರಿಂದ ಹಾನಿಯಿಲ್ಲ. ಈ ಒಂದು ಮಾತನ್ನು ಮೊದಲ ದಿನವೇ ಹೇಳಿಬಿಟ್ಟರೆ ಎಷ್ಟೋ ಮಂದಿಯ ಹೆದರಿಕೆ ಅಲ್ಲಿಗೇ ನಿಲ್ಲುತ್ತದೆ. ಇದೇ ಮದ್ದು ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನಂಥ ಮಾತ್ರೆಗಳ ಬಲವನ್ನು ಕುಗ್ಗಿಸುತ್ತದೆ. ಹಾಗಾಗಿ ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಲೇಬೇಕು.

ಐಸೋನಿಯಾಜಿಡ್ ಕೆಲವರಲ್ಲಿ ಅಂಗಾಲು ಉರಿ, ಕೈಕಾಲು ಜೋಮು ಹಿಡಿಯುವುದು, ಸೂಜಿ ಚುಚ್ಚಿದಂತಾಗುವುದು ಇವನ್ನು ತರುತ್ತದೆ. ದೇಹದಲ್ಲಿ ಬಿ6 ಜೀವಸತ್ವ ಕಡಿಮೆಯಾಗುವುದೇ ಇದಕ್ಕೆ ಕಾರಣ. ಪಿರಿಡಾಕ್ಸಿನ್ ಎಂಬ ಸಣ್ಣ ಬಿ6 ಮಾತ್ರೆಯಿಂದ ಇದನ್ನು ತಡೆಯಬಹುದು. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಕುಡಿತದ ಚಟವಿರುವವರು, ಬಡಕಲಾದವರು ಇದನ್ನು ಕೇಳಿ ಪಡೆಯಬೇಕು.

ಪೈರಜಿನಮೈಡ್ ರಕ್ತದಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸಿ ಕೀಲುನೋವು ತರಬಹುದು. ಮೊದಲ ಎರಡು ತಿಂಗಳು ಮುಗಿದು ಈ ಮದ್ದು ನಿಂತ ಮೇಲೆ ಆ ನೋವು ಸಾಮಾನ್ಯವಾಗಿ ಇಳಿಯುತ್ತದೆ.

ನಾಲ್ಕನೆಯದು ಎಥಾಂಬ್ಯುಟಾಲ್. ಇದು ಅಪರೂಪಕ್ಕೆ ಕಣ್ಣಿನ ನರಕ್ಕೆ ತೊಂದರೆ ಮಾಡುತ್ತದೆ. ಅಕ್ಷರ ಮಸುಕಾಗುವುದು, ಕೆಂಪು ಮತ್ತು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದಿರುವುದು ಇದರ ಸೂಚನೆ. ಬೇಗ ಗುರುತಿಸಿ ಮದ್ದು ನಿಲ್ಲಿಸಿದರೆ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ, ತಡಮಾಡಿದರೆ ಶಾಶ್ವತ ನಷ್ಟವೂ ಆಗಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಮೂರು ಮದ್ದುಗಳೂ ಯಕೃತ್ತಿಗೆ ಭಾರ. ಸ್ವಲ್ಪ ಹೊಟ್ಟೆ ತೊಳಸುವುದು ಬಹಳ ಮಂದಿಗೆ ಇರುತ್ತದೆ. ಆದರೆ ಊಟವೇ ಸೇರದೆ ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ, ಹೊಟ್ಟೆಯ ಬಲಭಾಗ ನೋಯುತ್ತಿದ್ದರೆ ಅದು ಕಾಮಾಲೆಯ ಲಕ್ಷಣ. ಆಗ ಮುಂದಿನ ಮಾತ್ರೆ ನುಂಗುವ ಮೊದಲೇ, ಅದೇ ದಿನ, ಆಸ್ಪತ್ರೆಗೆ ಹೋಗಬೇಕು. ವೈದ್ಯರು ಎಲ್ಲ ಮದ್ದನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸಿ, ಯಕೃತ್ತು ಸುಧಾರಿಸಿದ ಮೇಲೆ ಒಂದೊಂದಾಗಿ ಮತ್ತೆ ಶುರು ಮಾಡುತ್ತಾರೆ. ಗಮನಿಸಿ, ಇಲ್ಲಿಯೂ ಚಿಕಿತ್ಸೆ ಮುಗಿಯುವುದಿಲ್ಲ, ಹಾದಿ ಬದಲಾಗುತ್ತದೆ ಅಷ್ಟೆ.

ಬಿಡುವವರು ಏಕೆ ಬಿಡುತ್ತಾರೆ?

ನಮ್ಮ ಗಾಂಧಿನಗರವನ್ನೇ ನೋಡಿ. ಮೆಜೆಸ್ಟಿಕ್ ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ, ಸುತ್ತ ಲಾಡ್ಜುಗಳು, ಹೋಟೆಲುಗಳು, ಅಂಗಡಿ ಸಾಲುಗಳು. ದೂರದ ಜಿಲ್ಲೆಗಳಿಂದ ದುಡಿಯಲು ಬಂದ ಹುಡುಗರು ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುತ್ತಾರೆ. ಹೋಟೆಲಿನಲ್ಲಿ ಸಪ್ಲೈಯರ್ ಆಗಿರುವ ಒಬ್ಬ ಯುವಕನಿಗೆ ಕ್ಷಯ ಬಂದಿದೆ ಎಂದು ಊಹಿಸಿಕೊಳ್ಳಿ. ಬೆಳಿಗ್ಗೆ ಆರಕ್ಕೆ ಕೆಲಸ ಶುರು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಬಂದರೆ ದೋಸೆಯ ಎಣ್ಣೆಯ ವಾಸನೆಗೇ ವಾಕರಿಕೆ. ಎರಡು ಬಾರಿ ಹಿತ್ತಲಿಗೆ ಓಡಿದರೆ ಮಾಲೀಕರ ಕಣ್ಣಿಗೆ ಬೀಳುತ್ತಾನೆ. ಕೋಣೆಯವರೆಲ್ಲ ಬಳಸುವ ಶೌಚಾಲಯದಲ್ಲಿ ಕೆಂಪು ಬಣ್ಣದ ಮೂತ್ರ ಕಂಡರೆ ಗುಸುಗುಸು ಶುರುವಾಗುತ್ತದೆ. ರಾತ್ರಿ ಅಂಗಾಲು ಉರಿದು ನಿದ್ದೆಯಿಲ್ಲ.

ಇದರ ನಡುವೆ ಇನ್ನೊಂದು ಸಂಗತಿ ನಡೆಯುತ್ತದೆ. ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಜ್ವರ ಬಿಡುತ್ತದೆ, ಕೆಮ್ಮು ತಗ್ಗುತ್ತದೆ, ತೂಕ ಏರುತ್ತದೆ. ಕಾಯಿಲೆಯ ಸಂಕಟ ಹೋಯಿತು, ಉಳಿದದ್ದು ಮದ್ದಿನ ಸಂಕಟ ಮಾತ್ರ. ಈಗ ಅವನಿಗೆ ಮದ್ದೇ ಕಾಯಿಲೆಯಂತೆ ಕಾಣುತ್ತದೆ. ಅವನ ಲೆಕ್ಕಾಚಾರ ಮೂರ್ಖತನದ್ದಲ್ಲ. ಅವನಿಗೆ ಕಾಣುತ್ತಿರುವುದರ ಮಟ್ಟಿಗೆ ಅದು ಸರಿಯೇ. ಕಾಣದೇ ಉಳಿದದ್ದು ಬೇರೆ. ಶ್ವಾಸಕೋಶದ ಮೂಲೆಯಲ್ಲಿ ನಿದ್ದೆ ಮಾಡುವಂತೆ ಬಿದ್ದಿರುವ ಗಟ್ಟಿ ರೋಗಾಣುಗಳನ್ನು ಕೊಲ್ಲಲಿಕ್ಕೆಂದೇ ಉಳಿದ ತಿಂಗಳುಗಳ ಮಾತ್ರೆ. ನಡುವೆ ಬಿಟ್ಟರೆ ಅವು ಮತ್ತೆ ಏಳುತ್ತವೆ. ಬಿಟ್ಟು ಬಿಟ್ಟು ನುಂಗಿದರೆ ಮದ್ದಿಗೇ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಆಗ ಅದೇ ಕೋಣೆಯ ಗೆಳೆಯರಿಗೆ ಹರಡುವುದು ಆ ಗಟ್ಟಿ ಕ್ಷಯವೇ.

ವೈದ್ಯರು ‘ಜೀವನದ ಗುಣಮಟ್ಟ’ ಎನ್ನುವುದು ಇದನ್ನೇ. ಹೆಸರು ದೊಡ್ಡದು, ಅರ್ಥ ಸರಳ. ನಿದ್ದೆ ಬರುತ್ತಿದೆಯೇ? ಕೆಲಸಕ್ಕೆ ಶಕ್ತಿಯಿದೆಯೇ? ನೋವು ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೇ? ಖರ್ಚಿಗೆ ಹಣವಿದೆಯೇ? ಗೆಳೆಯರ ಆಸರೆಯಿದೆಯೇ? ವಿಶ್ವ ಆರೋಗ್ಯ ಸಂಸ್ಥೆ ಇಂಥ 26 ಪ್ರಶ್ನೆಗಳ ಒಂದು ಪಟ್ಟಿಯನ್ನೇ ಸಿದ್ಧಪಡಿಸಿದೆ. ಕಫ ಪರೀಕ್ಷೆಯಲ್ಲಿ ರೋಗಾಣು ಕಾಣದಿದ್ದರೆ ರೋಗ ಹಿಂದೆ ಸರಿದಿದೆ ಎಂದರ್ಥ. ಆದರೆ ಆ ಮನುಷ್ಯ ಹೇಗೆ ಬದುಕುತ್ತಿದ್ದಾನೆ ಎಂಬುದು ಕಫದಲ್ಲಿ ತಿಳಿಯುವುದಿಲ್ಲ, ಅವನನ್ನೇ ಕೇಳಬೇಕು.

ತುಮಕೂರಿನ ಹಳ್ಳಿಗಳು ಕಲಿಸಿದ ಪಾಠ

ಕೇಳುವುದರ ಬೆಲೆಯನ್ನು ತೋರಿಸಿಕೊಟ್ಟ ಒಂದು ಅಧ್ಯಯನ ನಮ್ಮ ಊರಿನಿಂದಲೇ ಹೊರಟದ್ದು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. ಕ್ಷಯರೋಗಿಗಳು ಆಸ್ಪತ್ರೆಗೆ ಬರುವುದೇ ಇಲ್ಲ, ಹಳ್ಳಿಯ ಜನ ಅಜ್ಞಾನಿಗಳು ಎಂಬ ಮಾತು ಆಗ ಎಲ್ಲೆಡೆ ಇತ್ತು. ಈ ಸಂಸ್ಥೆಯ ಡಾ. ಬ್ಯಾನರ್ಜಿ ಮತ್ತು ಡಾ. ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನು ಕುರಿತ ಅಧ್ಯಯನವನ್ನು 1963ರಲ್ಲಿ ಪ್ರಕಟಿಸಿದರು. ಅದರಲ್ಲಿ ಕಂಡದ್ದೇ ಬೇರೆ. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು, ಜ್ವರಗಳ ಅರಿವು ಚೆನ್ನಾಗಿಯೇ ಇತ್ತು. ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಹೋದವರ ಕಫವನ್ನು ಪರೀಕ್ಷಿಸುವ ಬದಲು ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಲಾಗುತ್ತಿತ್ತು.

ಎಂದರೆ, ರೋಗಿಗಳು ಹೇಳಿದ್ದರು, ಕೇಳಬೇಕಾದವರು ಕೇಳಿಸಿಕೊಂಡಿರಲಿಲ್ಲ. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಸಂಸ್ಥೆಯ ಸಂಶೋಧನೆಗಳೇ ತಳಹದಿ. ರೋಗಿಯನ್ನು ದೂರದ ಸ್ಯಾನಿಟೋರಿಯಂಗೆ ಸಾಗಿಸುವ ಬದಲು ಅವನು ತಾನಾಗಿ ಬರುವ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಪರೀಕ್ಷೆ ಮಾಡಿ ಮದ್ದು ಕೊಡಬೇಕು ಎಂಬುದು ಅದರ ಸಾರ. ಅದಕ್ಕೆ ಕೆಲವೇ ವರ್ಷ ಮುಂಚೆ, 1959ರಲ್ಲಿ, ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು ಮನೆಯಲ್ಲಿದ್ದೇ ಮದ್ದು ನುಂಗಿದವರೂ ಸ್ಯಾನಿಟೋರಿಯಂನಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು ತೋರಿಸಿಕೊಟ್ಟಿತ್ತು.

ರೋಗಿ ಮನೆಗೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಅದರೊಂದಿಗೆ ಮದ್ದಿನ ಸಂಕಟವೂ ಆಸ್ಪತ್ರೆಯವರ ಕಣ್ಣಿನಿಂದ ಮನೆಯೊಳಕ್ಕೆ ಸರಿಯಿತು. ನರ್ಸ್ ನೋಡುತ್ತಿದ್ದ ವಾಂತಿಯನ್ನು ಈಗ ಹೆಂಡತಿ ನೋಡುತ್ತಾಳೆ, ಅಥವಾ ಯಾರೂ ನೋಡುವುದಿಲ್ಲ. ಮಾತ್ರೆ ಬಿಟ್ಟವರಿಗೆ ದಾಖಲೆಗಳಲ್ಲಿ ‘ಡಿಫಾಲ್ಟರ್’ ಎಂಬ ಹೆಸರು ಬಿತ್ತು, ಸಾಲ ತೀರಿಸದವನಿಗೆ ಬ್ಯಾಂಕಿನವರು ಹೇಳುವ ಹಾಗೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟು, ಸಂಪರ್ಕ ತಪ್ಪಿಹೋದವರು ಎಂಬರ್ಥದ ಪದವನ್ನು ಬಳಕೆಗೆ ತಂದಿತು. ಪದ ಬದಲಾದರೆ ನೋಟವೂ ಬದಲಾಗಬೇಕು. ಕುರಿ ತಪ್ಪಿಹೋಯಿತು ಎಂದಾಗ ಹುಡುಕಿಕೊಂಡು ಹೋಗುವ ಹೊಣೆ ಕುರುಬನದೂ ಹೌದಲ್ಲವೇ?

ರೋಗಿಯ ಮಾತಿನಿಂದ ಬದಲಾದ ಮದ್ದು

ರೋಗಿಯ ಮೇಲಾಗುವ ಪರಿಣಾಮವನ್ನು ಗಮನಿಸಿದ್ದರಿಂದ ವೈದ್ಯಶಾಸ್ತ್ರವೇ ಮುಂದುವರಿದ ಉದಾಹರಣೆಗಳಿವೆ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಹೊಸ ಮದ್ದುಗಳನ್ನು ಕೊಟ್ಟು ನೋಡಿದಾಗ, ಸಾವಿನಂಚಿನಲ್ಲಿದ್ದವರು ಚೆನ್ನಾಗಿ ಉಣ್ಣತೊಡಗಿದರು, ನಗತೊಡಗಿದರು. ಅವುಗಳಲ್ಲಿ ಐಪ್ರೋನಿಯಾಜಿಡ್ ಎಂಬ ಮದ್ದು ಮನಸ್ಸಿನ ಮೇಲೂ ಕೆಲಸ ಮಾಡುತ್ತಿತ್ತು. ಅದನ್ನೇ ಮುಂದೆ 1957ರ ಹೊತ್ತಿಗೆ ಖಿನ್ನತೆಗೆ ಕೊಡಲಾಯಿತು. ಖಿನ್ನತೆಗೆ ಬಂದ ಮೊದಲ ಮದ್ದುಗಳಲ್ಲಿ ಅದೂ ಒಂದು. ಆದರೆ ಯಕೃತ್ತಿಗೆ ಹಾನಿ ಮಾಡುತ್ತದೆ ಎಂದು ಕಂಡುಬಂದ ಮೇಲೆ ಅದನ್ನು ಹಿಂತೆಗೆದುಕೊಂಡರು. ಒಳ್ಳೆಯದೂ ಕೆಟ್ಟದ್ದೂ ಎರಡೂ ತಿಳಿದದ್ದು ರೋಗಿಯನ್ನು ಗಮನಿಸಿದ್ದರಿಂದ.

ಮಾತ್ರೆಗೆ ಬಗ್ಗದ ಕ್ಷಯದ ಕಥೆ ಇನ್ನೂ ಕಠಿಣ. ಬಹಳ ವರ್ಷ ಅದಕ್ಕೆ ಒಂದೂವರೆಯಿಂದ ಎರಡು ವರ್ಷದ ಚಿಕಿತ್ಸೆ ಇತ್ತು. ಅದರಲ್ಲಿ ಹಲವು ತಿಂಗಳು ಕೆನಾಮೈಸಿನ್‌ನಂಥ ಇಂಜೆಕ್ಷನ್. ಈ ಇಂಜೆಕ್ಷನ್ ಒಳಕಿವಿಯ ಸೂಕ್ಷ್ಮ ಕೋಶಗಳನ್ನು ಕೊಲ್ಲುತ್ತದೆ. ಮೊದಲು ಕಿವಿಯಲ್ಲಿ ಗುಂಯ್ಗುಡುವ ಸದ್ದು, ತಲೆ ಸುತ್ತು, ಆಮೇಲೆ ಕಿವುಡು. ಹೋದ ಕಿವಿ ಮರಳುವುದಿಲ್ಲ. ಜೀವ ಉಳಿಯಬೇಕಾದರೆ ಇಷ್ಟು ತೆರಲೇಬೇಕು ಎಂದು ಹೇಳಲಾಗುತ್ತಿತ್ತು.

ಮುಂಬಯಿಯ ಪತ್ರಕರ್ತೆ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ, ಇಬ್ಬರೂ ಯುವತಿಯರಾಗಿದ್ದಾಗ ಕ್ಷಯದ ಇಂಜೆಕ್ಷನ್‌ನಿಂದ ಕಿವಿ ಕಳೆದುಕೊಂಡವರು. ಇಬ್ಬರೂ ಬದುಕಿದರು, ಸುಮ್ಮನಿರಲಿಲ್ಲ. ಇಂಜೆಕ್ಷನ್ ಇಲ್ಲದೆ ಚಿಕಿತ್ಸೆ ನೀಡಲು ದಾರಿ ಮಾಡಿದ ಬೆಡಾಕ್ವಿಲಿನ್ ಎಂಬ ಹೊಸ ಮಾತ್ರೆ 2012ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿತ್ತು. ಅದರ ಮೇಲಿನ ಪೇಟೆಂಟ್ ಹಕ್ಕನ್ನು ಭಾರತದಲ್ಲಿ ಇನ್ನಷ್ಟು ವರ್ಷ ವಿಸ್ತರಿಸಿಕೊಳ್ಳಲು ತಯಾರಕರು ಅರ್ಜಿ ಹಾಕಿದಾಗ ಈ ಇಬ್ಬರೂ 2019ರಲ್ಲಿ ತಕರಾರು ಸಲ್ಲಿಸಿದರು. 2023ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು. ಬೇರೆ ಕಂಪನಿಗಳೂ ಈ ಮದ್ದನ್ನು ತಯಾರಿಸಲು ದಾರಿ ತೆರೆಯಿತು. ಅಷ್ಟರಲ್ಲಿ, 2018ರಲ್ಲೇ, ಕೆನಾಮೈಸಿನ್ ಬಳಕೆ ಬೇಡವೆಂದೂ ಬಾಯಿಂದ ನುಂಗುವ ಮದ್ದುಗಳಿಗೇ ಆದ್ಯತೆ ಇರಲೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು.

ಇನ್ನೊಂದು ಉದಾಹರಣೆಯನ್ನು ಅಂಕಿಗಳಲ್ಲೇ ನೋಡಿ. ಬೆಡಾಕ್ವಿಲಿನ್ ಜೊತೆಗೆ ಇನ್ನೆರಡು ಮದ್ದು ಸೇರಿಸಿ ಆರು ತಿಂಗಳ ಚಿಕಿತ್ಸೆಯನ್ನು ದಕ್ಷಿಣ ಆಫ್ರಿಕಾದಲ್ಲಿ 109 ಮಂದಿಗೆ ಕೊಟ್ಟರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ನೂರಕ್ಕೆ 90ರಷ್ಟು ಮಂದಿಗೆ ಒಳ್ಳೆಯ ಫಲ. ಆದರೆ ಲಿನೆಜೋಲಿಡ್ ಎಂಬ ಮದ್ದನ್ನು ದಿನಕ್ಕೆ 1200 ಮಿಲಿಗ್ರಾಂನಂತೆ ಕೊಟ್ಟದ್ದರಿಂದ ನೂರಕ್ಕೆ 81ರಷ್ಟು ಮಂದಿಗೆ ಕೈಕಾಲಿನ ನರಗಳ ತೊಂದರೆ. ಗುಣವಾಯಿತಲ್ಲ, ಸಾಕು ಎಂದು ಸಂಶೋಧಕರು ಅಲ್ಲಿಗೆ ಬಿಡಲಿಲ್ಲ. ಪ್ರಮಾಣ ತಗ್ಗಿಸಿ ಮತ್ತೆ ಪರೀಕ್ಷಿಸಿದರು. 2022ರಲ್ಲಿ ಬಂದ ಫಲಿತಾಂಶದಂತೆ, 600 ಮಿಲಿಗ್ರಾಂ ಅನ್ನು 26 ವಾರ ಕೊಟ್ಟಾಗ ನೂರಕ್ಕೆ 91ರಷ್ಟು ಮಂದಿಗೆ ಒಳ್ಳೆಯ ಫಲ ಸಿಕ್ಕಿತು, ನರಗಳ ತೊಂದರೆ ನೂರಕ್ಕೆ 24ಕ್ಕೆ ಇಳಿಯಿತು. ಇದಕ್ಕೇ ನಾಲ್ಕನೆಯ ಮದ್ದೊಂದನ್ನು ಸೇರಿಸಿದ ಆರು ತಿಂಗಳ ಚಿಕಿತ್ಸೆಗೆ ಭಾರತ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಅರ್ಧ ಪ್ರಮಾಣದಲ್ಲೇ ಕೆಲಸ ಆಗುತ್ತಿತ್ತು ಎಂಬುದು ತಿಳಿದದ್ದು ಜೋಮು ಹಿಡಿದ ಕಾಲುಗಳನ್ನು ಯಾರೋ ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ.

ಸಹಿಸಿಕೊಳ್ಳುವುದೇ ಪುಣ್ಯವೇ?

ನಮ್ಮ ಕುಟುಂಬಗಳಲ್ಲಿ, ವಿಶೇಷವಾಗಿ ಹಿರಿಯ ತಾಯಂದಿರಲ್ಲಿ, ಒಂದು ಅಭ್ಯಾಸವಿದೆ. ‘ಹೇಗಿದ್ದೀರಮ್ಮ?’ ಎಂದರೆ ‘ಚೆನ್ನಾಗಿದ್ದೀನಿ ಫಾದರ್, ದೇವರ ಚಿತ್ತ’ ಎನ್ನುತ್ತಾರೆ. ನೋವನ್ನು ಯೇಸುಸ್ವಾಮಿಯ ಪಾಡುಗಳೊಂದಿಗೆ ಒಪ್ಪಿಸಿಬಿಟ್ಟಿದ್ದೇನೆ ಎನ್ನುತ್ತಾರೆ. ತಪ್ಪಿಸಲಾಗದ ನೋವನ್ನು ಹೀಗೆ ಒಪ್ಪಿಸುವುದು ದೊಡ್ಡ ವಿಶ್ವಾಸ. ಆದರೆ ವೈದ್ಯರಿಗೆ ಒಂದು ಮಾತು ಹೇಳಿದ್ದರೆ ಹೋಗಬಹುದಾಗಿದ್ದ ಅಂಗಾಲಿನ ಉರಿಯನ್ನು ಮುಚ್ಚಿಟ್ಟುಕೊಳ್ಳುವುದು ಬೇರೆಯೇ ಸಂಗತಿ. ಜಗದ್ಗುರು ಹನ್ನೆರಡನೇ ಭಕ್ತಿನಾಥರು, ಅಂದರೆ ಪೋಪ್ ಹನ್ನೆರಡನೇ ಪಿಯುಸ್, 1957ರ ಫೆಬ್ರವರಿಯಲ್ಲಿ ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತಾ ನೋವು ಶಮನಗೊಳಿಸುವ ಮದ್ದನ್ನು ರೋಗಿ ಸ್ವೀಕರಿಸಬಹುದೆಂದೂ, ನೋವನ್ನು ನೋವಿಗಾಗಿಯೇ ಬಯಸುವ ಕಟ್ಟುಪಾಡು ಕ್ರೈಸ್ತನಿಗಿಲ್ಲವೆಂದೂ ಸ್ಪಷ್ಟಪಡಿಸಿದ್ದರು.

ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಮಹಿಳೆಯನ್ನು ನೆನೆಯಿರಿ. ಆಕೆ ಕಾಯಿಲೆಯಿಂದ ಮಾತ್ರ ನರಳಲಿಲ್ಲ, ಹಲವಾರು ವೈದ್ಯರ ಕೈಯಲ್ಲೂ ನರಳಿದಳು, ಇದ್ದದ್ದನ್ನೆಲ್ಲ ಖರ್ಚು ಮಾಡಿದಳು, ಆದರೂ ಮೊದಲಿಗಿಂತ ಕೆಟ್ಟಳು ಎಂದು ಮಾರ್ಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಸ್ವತಃ ವೈದ್ಯನೆಂದು ಹೇಳಲಾಗುವ ಲೂಕ ಅದೇ ಘಟನೆಯನ್ನು ಹೇಳುವಾಗ ವೈದ್ಯರ ಕೈಯಲ್ಲಿ ನರಳಿದ ಮಾತನ್ನು ಎತ್ತುವುದಿಲ್ಲ! ಚಿಕಿತ್ಸೆಯೇ ಸಂಕಟವಾಗಬಹುದು ಎಂಬುದು ಶುಭಸಂದೇಶಕ್ಕೆ ಹೊಸದಲ್ಲ. ಆಕೆ ಮುಟ್ಟಿದೊಡನೆಯೇ ವಾಸಿಯಾದಳು. ಆದರೂ ಯೇಸುಸ್ವಾಮಿ ನಡೆಯುವುದನ್ನು ನಿಲ್ಲಿಸಿ ಆಕೆಗಾಗಿ ಸುತ್ತ ನೋಡಿದರು. ಯಾಯೀರನ ಮಗಳು ಸಾಯುತ್ತಿದ್ದಾಳೆ, ಜನ ನೂಕುತ್ತಿದ್ದಾರೆ, ಶಿಷ್ಯರಿಗೆ ಅವಸರ. ಆಕೆ ನಡುಗುತ್ತಾ ಬಂದು ನಡೆದದ್ದನ್ನೆಲ್ಲ ಹೇಳಿದಳು. ಅವರು ಕೇಳಿಸಿಕೊಂಡರು. ಗುಣವಾದ ಮೇಲೂ ಆಕೆಯ ಮಾತಿಗೆ ಬೆಲೆಯಿತ್ತು.

ವೈದ್ಯರನ್ನು ಗೌರವಿಸಬೇಕು, ಮದ್ದು ದೇವರು ಭೂಮಿಯಿಂದ ಕೊಟ್ಟದ್ದು ಎಂಬುದು ಸಿರಾಖನ ಗ್ರಂಥದ 38ನೇ ಅಧ್ಯಾಯದ ಬೋಧನೆ. ವೈದ್ಯರಿಗೆ ಸತ್ಯ ಹೇಳುವುದು ಆ ಗೌರವದ ಭಾಗವೇ. ಅರ್ಧ ಸತ್ಯ ಕೇಳಿದ ವೈದ್ಯರು ಅರ್ಧ ಚಿಕಿತ್ಸೆಯನ್ನಷ್ಟೇ ಮಾಡಬಲ್ಲರು.

ಮನೆಯವರು ಏನು ಮಾಡಬಹುದು?

ಒಂದು ಚಿಕ್ಕ ನೋಟ್‌ಬುಕ್ ಇಡಿ. ಯಾವ ದಿನ, ಯಾವ ಹೊತ್ತು, ಏನಾಯಿತು ಎಂದು ಒಂದು ಸಾಲು ಬರೆಯಿರಿ. ತಿಂಗಳಿಗೊಮ್ಮೆ ತೂಕ ಬರೆಯಿರಿ. ವೈದ್ಯರ ಮುಂದೆ ಕುಳಿತಾಗ ಮರೆತುಹೋಗುವುದು ಸಹಜ, ಪುಸ್ತಕ ಮರೆಯುವುದಿಲ್ಲ.

ತೊಂದರೆಗಳನ್ನು ಮೂರಾಗಿ ವಿಂಗಡಿಸಿಕೊಳ್ಳಿ. ಮೂತ್ರದ ಕೆಂಪು ಬಣ್ಣದಂಥದ್ದು ಹಾನಿಯಿಲ್ಲದ್ದು. ಹೊಟ್ಟೆ ತೊಳಸುವುದು, ಕೀಲುನೋವು, ಜೋಮು, ಸಣ್ಣ ತುರಿಕೆ ಇವು ಮಾತ್ರೆ ಮುಂದುವರಿಸುತ್ತಲೇ ಆ ವಾರದಲ್ಲೇ ಆರೋಗ್ಯ ಕಾರ್ಯಕರ್ತರಿಗೆ ಹೇಳಬೇಕಾದವು. ನುಂಗುವ ಹೊತ್ತು ಬದಲಿಸುವುದರಿಂದಲೋ, ಇನ್ನೊಂದು ಸಣ್ಣ ಮಾತ್ರೆಯಿಂದಲೋ ಇವು ಎಷ್ಟೋ ವೇಳೆ ತಗ್ಗುತ್ತವೆ. ಕಣ್ಣು ಹಳದಿಯಾಗುವುದು, ದೃಷ್ಟಿ ಮಸುಕಾಗುವುದು, ನಿಲ್ಲದ ವಾಂತಿ, ಜ್ವರದೊಂದಿಗೆ ಮೈಮೇಲೆ ಗಂಧೆ ಅಥವಾ ಬಾಯಿಹುಣ್ಣು, ಮುಖ ಊದಿ ಉಸಿರು ಕಟ್ಟುವುದು, ಕಿವಿ ಮಂದವಾಗುವುದು, ಇವು ಅದೇ ದಿನ ಆಸ್ಪತ್ರೆ ಸೇರಬೇಕಾದವು. ಮಲ್ಲೇಶ್ವರದ ಕೆ.ಸಿ. ಜನರಲ್ ಆಗಲಿ, ಮಾರ್ಕೆಟ್ ಬಳಿಯ ವಿಕ್ಟೋರಿಯಾ ಆಗಲಿ, ಹತ್ತಿರ ಇರುವುದಕ್ಕೆ ಹೋಗಿ.

ಮದ್ಯ ಬೇಡವೇ ಬೇಡ. ಯಾರೋ ಹೇಳಿದ ನಾಟಿ ಔಷಧಿಯನ್ನು ವೈದ್ಯರಿಗೆ ತಿಳಿಸದೆ ಬೆರೆಸಬೇಡಿ. ರೋಗಿಗೆ ಮೊಟ್ಟೆ, ಕಾಳು, ಕಡಲೆಕಾಯಿ, ಮುದ್ದೆ, ಸೊಪ್ಪು ಸಿಗಲಿ. ಚಿಕಿತ್ಸೆಯಲ್ಲಿರುವ ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕಾಗಿ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿಗೆ ಏರಿಸಿತು. ಕ್ಷಯದ ಬಗೆಗಿನ ಉಚಿತ ಸಹಾಯವಾಣಿ 1800-11-6666. ಯಾವುದೇ ಔಷಧಿಯ ಅಡ್ಡ ಪರಿಣಾಮವನ್ನು ರೋಗಿಯಾಗಲಿ ಮನೆಯವರಾಗಲಿ ನೇರವಾಗಿ ತಿಳಿಸಲು 1800-180-3024 ಎಂಬ ಇನ್ನೊಂದು ಉಚಿತ ಸಂಖ್ಯೆ ಇದೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮ ಇದನ್ನು ನಡೆಸುತ್ತದೆ. ದೂರು ಕೊಟ್ಟರೆ ಯಾರನ್ನೋ ಶಿಕ್ಷಿಸುತ್ತಾರೆ ಎಂಬ ಅಂಜಿಕೆ ಬೇಡ. ನಿಮ್ಮ ಒಂದು ವರದಿ ಮುಂದೆ ಅದೇ ಮದ್ದು ನುಂಗುವ ಸಾವಿರ ಮಂದಿಗೆ ಎಚ್ಚರಿಕೆಯಾಗಬಹುದು.

ಈ ಮಾತು ಕ್ಷಯಕ್ಕಷ್ಟೇ ಅಲ್ಲ. ರಕ್ತದೊತ್ತಡದ ಕೆಲವು ಮಾತ್ರೆಗಳು ಒಣಕೆಮ್ಮು ತರುತ್ತವೆ, ಕೆಲವು ಪಾದ ಊದಿಸುತ್ತವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೆಲವರ ಹೊಟ್ಟೆ ಕೆಡಿಸುತ್ತದೆ. ಮಾನಸಿಕ ಕಾಯಿಲೆಯ ಮಾತ್ರೆಗಳಿಂದ ಮಂಪರು, ಕೈನಡುಕ, ತೂಕ ಹೆಚ್ಚಳ ಬರಬಹುದು. ಬಹುತೇಕ ಎಲ್ಲಕ್ಕೂ ಬದಲಿ ಮಾತ್ರೆಯೋ ಬದಲಿ ಪ್ರಮಾಣವೋ ಇದೆ. ಆದರೆ ಆ ಬದಲಾವಣೆ ಮಾಡಬೇಕಾದವರು ವೈದ್ಯರು, ನಾವಲ್ಲ, ಔಷಧಿ ಅಂಗಡಿಯವರೂ ಅಲ್ಲ.

ಕೊನೆಯದಾಗಿ, ನೆರೆಹೊರೆಯವರಿಗೆ ಒಂದು ಮಾತು. ಸರಿಯಾದ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಕ್ಷಯ ಹರಡುವ ಶಕ್ತಿ ಬಹಳ ಕುಗ್ಗುತ್ತದೆ. ಆಮೇಲೂ ಆ ಮನೆಯ ಲೋಟ ಮುಟ್ಟದಿರುವುದು, ಆ ಮನೆಯ ಮಗಳ ಸಂಬಂಧ ಮುರಿಯುವುದು ರೋಗಕ್ಕಿಂತ ಕ್ರೂರ. ಜನ ಏನೆನ್ನುವರೋ ಎಂಬ ಹೆದರಿಕೆ ಇರುವ ಕಡೆ ರೋಗಿ ಮಾತ್ರೆಯನ್ನೂ ಬಚ್ಚಿಡುತ್ತಾನೆ, ಸಂಕಟವನ್ನೂ ಬಚ್ಚಿಡುತ್ತಾನೆ.

ಆದ್ದರಿಂದ ಪ್ರಿಯರೇ, ಈ ಬಾರಿ ರೋಗಿಯೊಬ್ಬರ ಮನೆಗೆ ಹೋದಾಗ ‘ಮಾತ್ರೆ ನುಂಗಿದಿರಾ?’ ಎಂದಷ್ಟೇ ಕೇಳಿ ಎದ್ದು ಬರಬೇಡಿ. ‘ನುಂಗಿದ ಮೇಲೆ ಏನಾಗುತ್ತದೆ?’ ಎಂದೂ ಕೇಳಿ. ಉತ್ತರ ಬರುವವರೆಗೆ ಕುಳಿತಿರಿ. ಅವರು ಹೇಳಿದ್ದನ್ನು ವೈದ್ಯರವರೆಗೆ ಮುಟ್ಟಿಸಲು ಜೊತೆಗೆ ಹೋಗಿ. ರೋಗಿಗಳ ದಿನವನ್ನು ಆಚರಿಸಲು ಇದಕ್ಕಿಂತ ಒಳ್ಳೆಯ ರೀತಿ ಬೇಕೇ?